ಐಸಿಯು ಬಾಗಿಲಲ್ಲಿ ಯಾವ ಕಾರ್ಡು ತೆಗೆಯಬೇಕು?

ಮೂರು ಮಳೆಗಾಲದ ಹಿಂದೆ ನನ್ನ ಸೋದರಮಾವನಿಗೆ ಇಲಿಜ್ವರ ಬಂತು. ಗದ್ದೆ, ತೋಟದಲ್ಲಿ ಕೆಲಸ ಮಾಡುವವರಿಗೆ ನಮ್ಮ ಕಡೆ ಇದು ಹೊಸತೇನಲ್ಲ. ಎರಡು ದಿನ ಜ್ವರದ ಮಾತ್ರೆ ನುಂಗಿ ಕೂತರು. ಮೂರನೇ ದಿನ ಕಣ್ಣು ಹಳದಿ, ಮೂತ್ರ ಕಡಿಮೆ, ಏದುಸಿರು. ರಾತ್ರಿ ಹನ್ನೊಂದಕ್ಕೆ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಓಡಿದೆವು. ಕೌಂಟರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಷಾ, ಸ್ಕೀಮಾ?"

ಭಾವ ಗಾಬರಿಯಲ್ಲಿದ್ದ. "ಮೊದಲು ಒಳಗೆ ತೆಗೊಳ್ಳಿ ಮಾರಾಯ್ರೆ, ದುಡ್ಡು ಕಟ್ತೇವೆ" ಅಂದುಬಿಟ್ಟ. ಅಡ್ವಾನ್ಸ್ ಕಟ್ಟಿದ, ಒಂದು ಕಾಗದಕ್ಕೆ ಸಹಿಯನ್ನೂ ಹಾಕಿದ. ಮಾವನ ಬಿಪಿಎಲ್ ಕಾರ್ಡು ಮನೆಯ ಕಪಾಟಿನಲ್ಲಿ ಬೆಚ್ಚಗೆ ಮಲಗಿತ್ತು. ಮರುದಿನ ಅದನ್ನು ತಂದು ತೋರಿಸಿದರೆ, "ಕ್ಯಾಷ್ ಅಂತ ಅಡ್ಮಿಟ್ ಆಗಿದೆಯಲ್ಲ" ಎಂಬ ಉತ್ತರ. ಓಡಾಡಿ, ಕಾಡಿ ಬೇಡಿ, ನಾಲ್ಕನೇ ದಿನಕ್ಕೆ ಸರ್ಕಾರದ ಆರೋಗ್ಯ ಯೋಜನೆಗೆ ಸೇರಿಸಿಕೊಂಡರು. ಮೊದಲ ಮೂರು ದಿನದ ದುಡ್ಡು ಹೋಗಿದ್ದು ಹೋಯಿತು. ಮಾವ ಈಗ ಚೆನ್ನಾಗಿದ್ದಾರೆ, ಗದ್ದೆಗೆ ಇಳಿಯುವಾಗ ಗಂಬೂಟು ಹಾಕುತ್ತಾರೆ.

ಅದಾದ ಮೇಲೆ ನೆಂಟರು, ಅಕ್ಕಪಕ್ಕದವರು ಯಾರಾದರೂ ಆಸ್ಪತ್ರೆ ಸೇರಿದರೆ ನನಗೆ ಫೋನ್ ಬರುತ್ತದೆ. "ನಮ್ಮ ಹತ್ರ ಇಂಥ ಕಾರ್ಡ್ ಉಂಟು, ಐಸಿಯು ಕೊಡ್ತಾರಾ?" ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಿನ ಉತ್ತರ ಇಲ್ಲ. ಹಾಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಐಸಿಯುಗೆ ಸರ್ಕಾರ ದುಡ್ಡು ಕೊಡುವುದು ಎರಡು ರೀತಿಯಲ್ಲಿ

ಯಾವ ಯೋಜನೆ ಒಳ್ಳೆಯದು ಎಂದು ಹೋಲಿಸುವ ಮುಂಚೆ ಇದೊಂದು ಅರ್ಥವಾಗಬೇಕು. ಖಾಸಗಿ ಬಿಲ್ಲಿನಲ್ಲಿ ಬೆಡ್ಡಿಗೊಂದು ಸಾಲು, ವೆಂಟಿಲೇಟರಿಗೊಂದು, ಆಕ್ಸಿಜನ್‌ಗೊಂದು, ಡಾಕ್ಟರ್ ಬಂದು ಹೋದದ್ದಕ್ಕೊಂದು. ಸರ್ಕಾರಿ ಯೋಜನೆಗಳಲ್ಲಿ ಹಾಗಿಲ್ಲ. ಅಲ್ಲಿ ಪ್ಯಾಕೇಜು.

ಆಪರೇಷನ್ ಆದರೆ ಇಡೀ ಆಪರೇಷನ್ನಿಗೆ ಒಂದು ಮೊತ್ತ. ಹೃದಯದ ಬೈಪಾಸ್ ಆಗಿ ಎರಡು ದಿನ ಐಸಿಯುನಲ್ಲಿ ಇಟ್ಟರೆ, ಆ ಎರಡು ದಿನವೂ ಆ ಮೊತ್ತದ ಒಳಗೇ ಬಂತು. "ಐಸಿಯು ಚಾರ್ಜು ಬೇರೆ" ಎಂದು ನಿಮ್ಮಿಂದ ಕೇಳುವ ಹಾಗಿಲ್ಲ.

ಆಪರೇಷನ್ ಇಲ್ಲದ ಕಾಯಿಲೆಗೆ, ಅಂದರೆ ನ್ಯುಮೋನಿಯಾ, ಡೆಂಗಿ, ಇಲಿಜ್ವರ, ವಿಷ ಸೇವನೆ ಇಂಥವಕ್ಕೆ, ದಿನಕ್ಕಿಷ್ಟು ಎಂಬ ಲೆಕ್ಕ. ರೋಗಿ ಯಾವ ಬೆಡ್ಡಿನಲ್ಲಿದ್ದಾರೆ ಎಂಬುದರ ಮೇಲೆ ದಿನದ ದರ ಬದಲಾಗುತ್ತದೆ. ಆಯುಷ್ಮಾನ್ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿ ಮೊದಲು ಸಾಮಾನ್ಯ ವಾರ್ಡಿಗೆ ದಿನಕ್ಕೆ 1,800, ಎಚ್‌ಡಿಯುಗೆ (ವಾರ್ಡಿಗೂ ಐಸಿಯುಗೂ ನಡುವಿನ ಹಂತದ ಘಟಕ) 2,700, ವೆಂಟಿಲೇಟರ್ ಇಲ್ಲದ ಐಸಿಯುಗೆ 3,600, ವೆಂಟಿಲೇಟರ್ ಇರುವ ಐಸಿಯುಗೆ 4,500 ರೂಪಾಯಿ ಇತ್ತು. 2021ರ ಪರಿಷ್ಕರಣೆಯಲ್ಲಿ ಇದು ಕ್ರಮವಾಗಿ 2,100, 3,300, 8,500 ಮತ್ತು 9,000 ಆಯಿತು. ವಾರ್ಡಿನ ದರ ಸ್ವಲ್ಪವೇ ಏರಿತು, ಐಸಿಯು ದರ ಎರಡು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ. ಯಾಕೆಂದರೆ 4,500 ರೂಪಾಯಿಯಲ್ಲಿ ಬೆಡ್ಡು, ನರ್ಸು, ಡಾಕ್ಟರು, ರಕ್ತಪರೀಕ್ಷೆ, ಔಷಧಿ, ವೆಂಟಿಲೇಟರು ಎಲ್ಲವನ್ನೂ ಕೊಡುವುದು ಯಾವ ಆಸ್ಪತ್ರೆಗೂ ಕಷ್ಟ. "ಸ್ಕೀಮಿನಲ್ಲಿ ಐಸಿಯು ಬೆಡ್ ಖಾಲಿ ಇಲ್ಲ" ಎಂಬ ಮಾತಿನ ಹಿಂದೆ ಕೆಲವೊಮ್ಮೆ ನಿಜವಾಗಿ ಬೆಡ್ ಇರುವುದಿಲ್ಲ, ಕೆಲವೊಮ್ಮೆ ಈ ಲೆಕ್ಕ ಇರುತ್ತದೆ. ಇದು ನನ್ನ ಅನಿಸಿಕೆ, ಅಷ್ಟೆ.

ರಾಜ್ಯಗಳು ದರಪಟ್ಟಿಯನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಆದ್ದರಿಂದ ನಿಮ್ಮ ರೋಗಿಗೆ ಅನ್ವಯಿಸುವ ದರವನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ (ಯೋಜನೆಯ ಕಾಗದಪತ್ರ ನೋಡಿಕೊಳ್ಳುವವರು) ಹತ್ತಿರವೇ ಕೇಳಿ. ಕೆಳಗಿನ ಲೆಕ್ಕಕ್ಕೆ ರಾಷ್ಟ್ರೀಯ ದರ ಹಿಡಿದಿದ್ದೇನೆ.

ಬಿಪಿಎಲ್ ಕಾರ್ಡು ಮತ್ತು ಎಪಿಎಲ್ ಕಾರ್ಡು: ಇಲ್ಲಿದೆ ದೊಡ್ಡ ಅಂತರ

ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಕಾರ್ಡು ಅಂದರೆ ಕೇಂದ್ರದ ಯೋಜನೆ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ ಸೇರಿದ್ದು. ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಶುರುವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ. ಒಬ್ಬೊಬ್ಬರಿಗೆ 5 ಲಕ್ಷ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ, ಇಡೀ ಮನೆಗೆ ಸೇರಿ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

ಒಂದು ಲೆಕ್ಕ ನೋಡೋಣ. ರೋಗಿ 7 ದಿನ ವೆಂಟಿಲೇಟರಿನಲ್ಲಿ, 3 ದಿನ ಬರೀ ಐಸಿಯುನಲ್ಲಿ, 4 ದಿನ ವಾರ್ಡಿನಲ್ಲಿ ಇದ್ದರು ಅಂತಿಟ್ಟುಕೊಳ್ಳಿ. 63,000, 25,500 ಮತ್ತು 8,400. ಒಟ್ಟು 96,900 ರೂಪಾಯಿ. ಬಿಪಿಎಲ್ ಮನೆಯವರು ಕಟ್ಟಬೇಕಾದ್ದು ಸೊನ್ನೆ. ಎಪಿಎಲ್ ಮನೆಗೆ ಸರ್ಕಾರ ಕೊಡುವುದು 29,070. ಉಳಿದ 67,830 ಕೈಯಿಂದ.

"ಶೇಕಡಾ 30ಕ್ಕೆ ಯಾರು ಅಷ್ಟು ಓಡಾಡ್ತಾರೆ" ಎಂದು ಎಪಿಎಲ್‌ನವರು ಕಾರ್ಡನ್ನೇ ಮಾಡಿಸುವುದಿಲ್ಲ. ನನ್ನ ಪ್ರಕಾರ ಅದು ದೊಡ್ಡ ತಪ್ಪು. ನಿಜವಾದ ಲಾಭ ಆ ಶೇಕಡಾ 30ರಲ್ಲಿ ಇಲ್ಲ. ಉಳಿದ ಶೇಕಡಾ 70ನ್ನೂ ನೀವು ಕಟ್ಟುವುದು ಪ್ಯಾಕೇಜಿನ ದರದಲ್ಲಿ, ಆಸ್ಪತ್ರೆಯ ಸ್ವಂತ ದರದಲ್ಲಿ ಅಲ್ಲ. ಖಾಸಗಿ ಐಸಿಯುನಲ್ಲಿ ಹದಿನಾಲ್ಕು ದಿನ ಇದ್ದವರ ಬಿಲ್ಲು ಒಮ್ಮೆ ನೋಡಿದವರಿಗೆ ಈ 67,830 ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. ಆದರೆ ಜನರಲ್ ವಾರ್ಡಿನ ಲೆಕ್ಕದಲ್ಲೇ ಇರಬೇಕು. ಐಸಿಯುನಿಂದ ಹೊರಬಂದ ಮೇಲೆ "ಎಸಿ ರೂಮ್ ಕೊಡಿ" ಅಂದರೆ ಯೋಜನೆಯಿಂದ ಹೊರಗೆ ಬಿದ್ದಂತೆಯೇ.

ವೆನ್ಲಾಕಾ, ಖಾಸಗಿಯಾ?

ಇದು ಎಲ್ಲರಿಗೂ ಇರುವ ಗೊಂದಲ. ಯೋಜನೆಯಲ್ಲಿರುವ 1,650 ಚಿಕಿತ್ಸೆಗಳನ್ನು ಗುಂಪು ಮಾಡಿದ್ದಾರೆ. ಸಾಮಾನ್ಯ ದ್ವಿತೀಯ ಹಂತದ (ಜಿಲ್ಲಾ, ತಾಲೂಕು ಆಸ್ಪತ್ರೆ ಮಟ್ಟದ) 291 ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟ ದ್ವಿತೀಯ ಹಂತದ 254 ಮತ್ತು ತೃತೀಯ ಹಂತದ (ದೊಡ್ಡ ಆಸ್ಪತ್ರೆಯ ತಜ್ಞ ಚಿಕಿತ್ಸೆಯ) 900 ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸೌಕರ್ಯ ಇಲ್ಲದಿದ್ದರೆ ಅಲ್ಲಿಂದ ರೆಫರಲ್ ಚೀಟಿ ತೆಗೆದುಕೊಂಡು ಖಾಸಗಿಗೆ ಹೋಗಬಹುದು. ತುರ್ತು ಚಿಕಿತ್ಸೆ 169, ಮತ್ತೆ ಅದಕ್ಕೆ ಸೇರಿದ 36. ಇವಕ್ಕೆ ಚೀಟಿ ಬೇಡ, ಯೋಜನೆಯಲ್ಲಿ ನೋಂದಾಯಿಸಿದ ಆಸ್ಪತ್ರೆಗೆ ನೇರ ಹೋಗಬಹುದು.

ನಮ್ಮ ಕಡೆ ಸರ್ಕಾರಿ ಆಸ್ಪತ್ರೆ ಅಂದರೆ ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ವೆನ್ಲಾಕ್ 1848ರಷ್ಟು ಹಳೆಯದು. ಅಲ್ಲಿ ಕಲಿಸುವ ಮತ್ತು ನೋಡುವ ಡಾಕ್ಟರುಗಳಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರೂ (ಕೆಎಂಸಿ) ಇದ್ದಾರೆ. ಹಾಗಾಗಿ "ಸರ್ಕಾರಿ ಆಸ್ಪತ್ರೆ ಅಂದ್ರೆ ಡಾಕ್ಟರೇ ಇರೋದಿಲ್ಲ" ಎಂಬ ಮಾತು ಇಲ್ಲಿ ಸರಿಯಲ್ಲ. ತೊಂದರೆ ಇರುವುದು ಜನಸಂಖ್ಯೆಯಲ್ಲಿ. ಸುತ್ತಲಿನ ಜಿಲ್ಲೆಗಳವರು, ಕಾಸರಗೋಡಿನವರು ಎಲ್ಲ ಅಲ್ಲಿಗೇ ಬರುತ್ತಾರೆ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಜೋರಾದಾಗ ಐಸಿಯುನಲ್ಲಿ ಬೆಡ್ ಸಿಗುವುದು ಅದೃಷ್ಟದ ಮಾತು.

ನಾನು ಕೊಡುವ ಸಲಹೆ ಇಷ್ಟು. ರೋಗಿ ಮಾತಾಡುವ ಸ್ಥಿತಿಯಲ್ಲಿದ್ದರೆ, ಉಸಿರು ಸರಿ ಇದ್ದರೆ, ಮೊದಲು ಜಿಲ್ಲಾ ಆಸ್ಪತ್ರೆ ಅಥವಾ ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಬೆಡ್ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ. ಸಿಗದಿದ್ದರೆ ರೆಫರಲ್ ಸಿಗುತ್ತದೆ, ಆ ಚೀಟಿ ಕೈಯಲ್ಲಿದ್ದರೆ ಖಾಸಗಿಯಲ್ಲಿ ಮಾತು ಸುಲಭ. ಎದೆನೋವು, ಪಾರ್ಶ್ವವಾಯು, ಪ್ರಜ್ಞೆ ತಪ್ಪಿದ್ದು, ಉಸಿರು ಕಟ್ಟಿದ್ದು ಆದರೆ ಚೀಟಿಗೆ ಕಾಯಬೇಡಿ. ಹತ್ತಿರದ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ.

"ಯೋಜನೆಯಲ್ಲಿರುವ" ಎಂಬುದರಲ್ಲೂ ಒಂದು ಸಿಕ್ಕು ಉಂಟು. ಆಸ್ಪತ್ರೆಗಳು ಸೇರುವುದು ವಿಭಾಗವಾರು. ಹೃದಯದ ವಿಭಾಗ ಯೋಜನೆಯಲ್ಲಿ ಇರಬಹುದು, ಜನರಲ್ ಮೆಡಿಸಿನ್ ಇಲ್ಲದಿರಬಹುದು. ಬಾಗಿಲಲ್ಲಿ ಆಯುಷ್ಮಾನ್ ಬೋರ್ಡು ಕಂಡು ನ್ಯುಮೋನಿಯಾದವರನ್ನು ಕರೆದುಕೊಂಡು ಹೋದರೆ ಕೆಲಸ ಆಗಲಿಕ್ಕಿಲ್ಲ. "ಈ ಕಾಯಿಲೆಗೆ ನಿಮ್ಮಲ್ಲಿ ಸ್ಕೀಮ್ ಉಂಟಾ?" ಎಂದು ಕೇಳಿ. "ನಿಮ್ಮಲ್ಲಿ ಸ್ಕೀಮ್ ಉಂಟಾ?" ಎಂಬ ಪ್ರಶ್ನೆ ಸಾಲದು.

ಯಶಸ್ವಿನಿ: ಸೊಸೈಟಿ ಸದಸ್ಯರಿಗೆ

ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಂಘ, ಮೀನುಗಾರರ ಸಹಕಾರ ಸಂಘ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಯಲ್ಲಿ ಇವುಗಳ ಸದಸ್ಯತ್ವ ಇಲ್ಲದ ಮನೆ ಹುಡುಕುವುದೇ ಕಷ್ಟ. ಯಶಸ್ವಿನಿ 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿ, 2023ರ ಜನವರಿಯಿಂದ ಮತ್ತೆ ಜೀವ ಪಡೆಯಿತು. ಹಳಬರು ಈಗಲೂ ಎಲ್ಲ ಆರೋಗ್ಯ ಕಾರ್ಡಿಗೂ ಯಶಸ್ವಿನಿ ಅನ್ನುತ್ತಾರೆ, ಅದರಿಂದ ಕೌಂಟರಿನಲ್ಲಿ ಸುಮ್ನೆ ಗೊಂದಲ.

ಮತ್ತೆ ಶುರುವಾದಾಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪೇಟೆಯಲ್ಲಿ 1,000 ಎಂದು ನಿಗದಿ ಮಾಡಿದರು. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ತಲೆಗೆ 100 ಅಥವಾ 200. ಪರಿಶಿಷ್ಟ ಜಾತಿ, ಪಂಗಡದವರಿಂದ ವಂತಿಗೆ ಇಲ್ಲ. ರಕ್ಷಣೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಪಟ್ಟಿಯಲ್ಲಿ 1,650 ಚಿಕಿತ್ಸೆ, ಅದರ ಜೊತೆಗೆ 478 ಐಸಿಯು ಚಿಕಿತ್ಸೆ.

ಎಪಿಎಲ್ ಕಾರ್ಡಿರುವ ರೈತರಿಗೆ, ಹೈನುಗಾರರಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣಿಸಿಲ್ಲ. ಮೇಲಿನ ಲೆಕ್ಕದಲ್ಲಿ 67,830 ಕೈಯಿಂದ ಕಟ್ಟುವವರು, ಅದೇ ಚಿಕಿತ್ಸೆ ಯಶಸ್ವಿನಿ ಪಟ್ಟಿಯಲ್ಲಿದ್ದರೆ 500 ರೂಪಾಯಿಯಲ್ಲಿ ಮುಗಿಸುತ್ತಾರೆ. ಆದರೆ ನೋಂದಣಿಗೆ ವರ್ಷಕ್ಕೊಮ್ಮೆ ಅವಧಿ ಇರುತ್ತದೆ. ಅಪ್ಪ ಐಸಿಯುನಲ್ಲಿ ಮಲಗಿದ ಮೇಲೆ ಸೊಸೈಟಿಗೆ ಓಡಿದರೆ ಪ್ರಯೋಜನ ಇಲ್ಲ. ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರಲ್ಲಿ "ಈ ವರ್ಷದ್ದು ಯಾವಾಗ?" ಎಂದು ಕೇಳಿಟ್ಟುಕೊಳ್ಳಿ.

ಬಿಪಿಎಲ್ ಇರುವವರು? ಆಯುಷ್ಮಾನ್ ಉಚಿತವೇ ಇರುವಾಗ ಯಶಸ್ವಿನಿಗೆ ಅವಸರ ಇಲ್ಲ ಅಂತ ನನಗನಿಸುತ್ತದೆ.

ಇಎಸ್‌ಐ: ಯಾರೂ ಹೊಗಳದ, ಆದರೆ ಐಸಿಯುಗೆ ಗಟ್ಟಿ ಕಾರ್ಡು

ಗೇರುಬೀಜದ ಫ್ಯಾಕ್ಟರಿ, ಬಟ್ಟೆ ಅಂಗಡಿ, ಹೋಟೆಲು, ಸೆಕ್ಯುರಿಟಿ ಕೆಲಸ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ, ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ಸಂಬಳದಿಂದ ಶೇಕಡಾ 0.75 ಕಟ್ ಆಗುತ್ತದೆ, ಮಾಲೀಕರು ಶೇಕಡಾ 3.25 ಹಾಕುತ್ತಾರೆ. 18,000 ಸಂಬಳದವರಿಗೆ 135 ರೂಪಾಯಿ ಕಟ್, ಮಾಲೀಕರಿಂದ 585.

ಇದರ ದೊಡ್ಡ ಗುಣ: ಚಿಕಿತ್ಸೆಗೆ 5 ಲಕ್ಷ ಎಂಬಂಥ ಮಿತಿ ಇಲ್ಲ. ನಲವತ್ತು ದಿನ ವೆಂಟಿಲೇಟರಿನಲ್ಲಿ ಇರಬೇಕಾದರೂ "ಹಣ ಮುಗಿಯಿತು" ಎಂಬ ಮಾತು ಬರುವುದಿಲ್ಲ. ಅವಲಂಬಿತ ತಂದೆ ತಾಯಿಗೂ ಅನ್ವಯ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅಮ್ಮನ ಐಸಿಯು ಬಿಲ್ಲಿಗೆ ಚಿನ್ನ ಅಡವಿಟ್ಟಿದ್ದಾರೆ. ನನ್ನ ಪಕ್ಕದ ಮನೆಯ ಹುಡುಗನದ್ದೇ ಕಥೆ. ಅವನ ಕಾರ್ಡಿನಲ್ಲಿ ಅಮ್ಮನ ಹೆಸರೇ ಸೇರಿಸಿರಲಿಲ್ಲ.

ಕಷ್ಟ ಎಲ್ಲಿ ಅಂದರೆ ದಾರಿಯಲ್ಲಿ. ಮೊದಲು ಇಎಸ್‌ಐ ಡಿಸ್ಪೆನ್ಸರಿ ಅಥವಾ ಮಂಗಳೂರಿನ ಇಎಸ್‌ಐ ಆಸ್ಪತ್ರೆ, ಅಲ್ಲಿಂದ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ಪತ್ರ. ದಿನ ಹೆಚ್ಚಾದರೆ ಪತ್ರ ಮುಂದುವರಿಸಿಕೊಳ್ಳಬೇಕು. ಕುಂದಾಪುರ, ಬೈಂದೂರಿನವರಿಗೆ ಇದಕ್ಕಾಗಿ ಮಂಗಳೂರು ತನಕ ಓಡುವುದು ಒಂದು ದಿನದ ಕೆಲಸ. ಮನೆಯಲ್ಲಿ ಓಡಾಡಲು ಒಬ್ಬರು ಗಟ್ಟಿ ಜನ ಇದ್ದರೆ, ಮತ್ತು ರೋಗಿ ತುಂಬಾ ದಿನ ಐಸಿಯುನಲ್ಲಿ ಇರುವ ಲಕ್ಷಣ ಇದ್ದರೆ, ಇಎಸ್‌ಐ ಆಯ್ಕೆ ಮಾಡಿ.

ಸರ್ಕಾರಿ ನೌಕರರ ಯೋಜನೆಗಳು ಬೇರೆ, ಅವರ ಕಚೇರಿಯಲ್ಲೇ ವಿಷಯ ಸಿಗುತ್ತದೆ. ಇಲ್ಲಿ ಬಿಡುತ್ತೇನೆ.

ಹೆದ್ದಾರಿಯಲ್ಲಿ ಬಿದ್ದವರಿಗೆ

ಹೆದ್ದಾರಿ 66ರ ಪಕ್ಕ ಬದುಕುವ ನಾವು ಇದನ್ನು ತಿಳಿದಿರಲೇಬೇಕು. 2025ರ ಮೇ 5ರಂದು ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿತು. ಅಪಘಾತದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಬಿಪಿಎಲ್, ಎಪಿಎಲ್ ಕೇಳುವುದಿಲ್ಲ. ಮೋಟಾರು ವಾಹನದಿಂದ ಆದ ಅಪಘಾತ ಆಗಿರಬೇಕು, ಪೊಲೀಸರಿಗೆ ತಿಳಿಸಿರಬೇಕು. ತಲೆಗೆ ಪೆಟ್ಟಾಗಿ ಐಸಿಯು ಸೇರಿದವರಿಗೆ ಮೊದಲ ವಾರವೇ ದುಬಾರಿ. ಆದ್ದರಿಂದ ಆ ವಾರಕ್ಕೆ ಇದನ್ನು ಕೇಳಿ, ಮುಂದಕ್ಕೆ ನಿಮ್ಮ ಆಯುಷ್ಮಾನ್ ಅಥವಾ ಇಎಸ್‌ಐ. ಎರಡನ್ನೂ ಅಡ್ಮಿಟ್ ಆಗುವಾಗಲೇ ಹೇಳಿಡಿ.

ವಿಮೆಯಂತೆ ಕಾಣುವ ಇನ್ನೊಂದು ಕಾರ್ಡು

ಮಣಿಪಾಲ ಆರೋಗ್ಯ ಕಾರ್ಡು ನಮ್ಮಲ್ಲಿ ಮನೆಮಾತು. ಅದು ಒಳ್ಳೆಯದೇ, ನಮ್ಮ ಮನೆಯಲ್ಲೂ ಉಂಟು. ಆದರೆ ಅದು ರಿಯಾಯಿತಿ ಕಾರ್ಡು, ವಿಮೆ ಅಲ್ಲ. ಬಿಲ್ಲು ನಿಮ್ಮದೇ, ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. ಐಸಿಯು ಖರ್ಚಿಗೆ ಅದನ್ನೊಂದನ್ನೇ ನಂಬಿ ಕೂರುವುದು ಬೇಡ.

ಖಾಸಗಿ ಪಾಲಿಸಿ ಇದ್ದವರು ಐಸಿಯು ಮಿತಿ ಎಷ್ಟು ಎಂದು ಇವತ್ತೇ ತೆರೆದು ನೋಡಿ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಎಂಬ ಸಾಮಾನ್ಯ ಪಾಲಿಸಿಯಲ್ಲಿ ಐಸಿಯುಗೆ ವಿಮಾ ಮೊತ್ತದ ಶೇಕಡಾ 5 ಅಥವಾ ದಿನಕ್ಕೆ 10,000, ಯಾವುದು ಕಡಿಮೆಯೋ ಅದು. ಒಂದು ಲಕ್ಷದ ಪಾಲಿಸಿ ಮಾಡಿಸಿದವರಿಗೆ ದಿನಕ್ಕೆ 5,000 ಆಯಿತು. ಹೆಸರು ಕೇಳಿ ಸರ್ಕಾರದ್ದು ಅಂದುಕೊಳ್ಳುವವರು ಇದ್ದಾರೆ. ಅದು ದುಡ್ಡು ಕೊಟ್ಟು ಕೊಳ್ಳುವ ಪಾಲಿಸಿ.

ಕೌಂಟರಿನಲ್ಲಿ ಏನು ಹೇಳಬೇಕು

ಭಾವ ಅಂದು ಹೇಳಬೇಕಾಗಿದ್ದು ಒಂದೇ ಮಾತು: "ನಮ್ಮದು ಆಯುಷ್ಮಾನ್. ಕಾರ್ಡು ಮನೆಯಲ್ಲುಂಟು, ಬೆಳಿಗ್ಗೆ ತರ್ತೇವೆ. ಸ್ಕೀಮಿನಲ್ಲೇ ಅಡ್ಮಿಟ್ ಮಾಡಿ." ಅಡ್ವಾನ್ಸ್ ಕಟ್ಟುವ ಮೊದಲು, ಸಹಿ ಹಾಕುವ ಮೊದಲು ಈ ಮಾತು ಬರಬೇಕು. ಸಹಿ ಹಾಕುವ ಕಾಗದದಲ್ಲಿ "ಸ್ವಂತ ಖರ್ಚಿನಲ್ಲಿ ಚಿಕಿತ್ಸೆ ಪಡೆಯಲು ಒಪ್ಪಿದ್ದೇನೆ" ಎಂದು ಇದ್ದರೆ ಕೈ ತಡೆಯಿರಿ. ಅದು ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಲು ಕೇಳಿ. ತುರ್ತು ಸ್ಥಿತಿಯಲ್ಲಿ ಅಡ್ವಾನ್ಸ್ ಕಟ್ಟಿದರೆ ಮಾತ್ರ ಮುಟ್ಟುತ್ತೇವೆ ಎನ್ನುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು ಅದನ್ನು ಹೇಳುತ್ತದೆ. ಬಿಲ್ ಬಾಕಿ ಎಂದು ಮೃತದೇಹ ಕೊಡದೆ ಇಟ್ಟುಕೊಳ್ಳುವ ಹಾಗೂ ಇಲ್ಲ.

ಬೆಳಿಗ್ಗೆ ಮೊದಲ ಕೆಲಸ ಆರೋಗ್ಯ ಮಿತ್ರರನ್ನು ಹುಡುಕುವುದು. ರೇಷನ್ ಕಾರ್ಡು, ಆಧಾರ್, ರೆಫರಲ್ ಇದ್ದರೆ ಅದು. ರೋಗಿಯ ಹೆಸರು ಆಧಾರಿನಲ್ಲೂ ರೇಷನ್ ಕಾರ್ಡಿನಲ್ಲೂ ಒಂದೇ ಥರ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ಮನೆ ಹೆಸರು ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗಿರುವುದು ನಮ್ಮ ಕಡೆ ಬಹಳ. ಅವರು ಅನುಮತಿಗೆ ಕಳಿಸಿದ ಮೇಲೆ ಎರಡು ವಿಷಯ ಕೇಳಿ: ಎಷ್ಟು ದಿನಕ್ಕೆ ಮಂಜೂರಾಗಿದೆ, ಯಾವ ಬೆಡ್ಡಿಗೆ. ಐಸಿಯು ದಿನ ಹೆಚ್ಚಾದರೆ ಆಸ್ಪತ್ರೆಯವರು ಮತ್ತೆ ಅನುಮತಿ ಕೇಳಬೇಕು. ಅದು ತಡವಾಗಿ "ಇವತ್ತಿನಿಂದ ನೀವೇ ಕಟ್ಟಿ" ಎಂದು ಬಂದು ನಿಂತವರನ್ನು ನಾನು ನೋಡಿದ್ದೇನೆ. ಮೂರು ದಿನಕ್ಕೊಮ್ಮೆ ಸುಮ್ನೆ ಹೋಗಿ ಒಂದು ಮಾತು ಕೇಳಿ ಬನ್ನಿ.

ಮಂಜೂರಾದ ಮೇಲೂ ಔಷಧಿ ಚೀಟಿ ಕೊಟ್ಟು ಹೊರಗೆ ತರಲು ಹೇಳಿದರೆ ಬಿಲ್ಲು ಇಟ್ಟುಕೊಳ್ಳಿ, ಸಹಾಯವಾಣಿ 104 ಅಥವಾ 14555ಕ್ಕೆ ಫೋನ್ ಮಾಡಿ. ಜಗಳ ಬೇಡ. "ಕಂಪ್ಲೇಂಟ್ ನಂಬರ್ ಕೊಡಿ" ಎಂದು ಅವರ ಎದುರಿಗೇ ಫೋನಿನಲ್ಲಿ ಕೇಳಿದರೆ ಅರ್ಧ ಕೆಲಸ ಆಗುತ್ತದೆ.

ಇನ್ನು ಡಿಸ್ಚಾರ್ಜ್ ದಿನ. ಐಸಿಯುನಿಂದ ಹೊರಬಂದ ಖುಷಿಯಲ್ಲಿ ಎಲ್ಲರೂ ಆಟೋ ಕರೆಯಲು ಓಡುತ್ತಾರೆ. ಆಯುಷ್ಮಾನಿನಲ್ಲಿ ಮನೆಗೆ ಹೋದ ಮೇಲಿನ 15 ದಿನದ ಔಷಧಿಯೂ ಪ್ಯಾಕೇಜಿನ ಒಳಗೇ ಇದೆ. ನಮ್ಮ ಮಾವನಿಗೆ ಅದನ್ನು ಯಾರೂ ತಾನಾಗಿ ಕೊಡಲಿಲ್ಲ. ಅತ್ತೆ ಮತ್ತೆ ಮೂರು ಮಹಡಿ ಹತ್ತಿ ಕೇಳಿ ತಂದರು.